ಮಾನ್ಯ ಶೇಕಡಾ 3.2 ಅವರ ಸನ್ನಿಧಾನಕ್ಕೆ

ಧಾರವಾಡದ ಒಬ್ಬ ಕಿರಾಣಿ ಅಂಗಡಿಯವನು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ಕ್ಷೇಮ. ನಿಮ್ಮ ಕ್ಷೇಮ ಕೇಳುವ ಅಗತ್ಯವಿಲ್ಲ, ಪೇಪರಿನಲ್ಲಿ ಓದುತ್ತಲೇ ಇದ್ದೇನೆ. ದೇಶದ ನಿರುದ್ಯೋಗ ದರವಾಗಿ 2017-18ರಲ್ಲಿ 6.1 ಇದ್ದವರು 2023-24ರ ಹೊತ್ತಿಗೆ 3.2ಕ್ಕೆ ಇಳಿದಿದ್ದೀರಿ. ಈ ವಯಸ್ಸಿನಲ್ಲಿ ಅರ್ಧದಷ್ಟು ತೂಕ ಇಳಿಸುವುದೆಂದರೆ ಸಣ್ಣ ಮಾತೇ? ಆ ಸಾಧನೆಯಲ್ಲಿ ನಮ್ಮ ಮನೆಯವರದೂ ಅಳಿಲು ಸೇವೆ ಇದೆಯೆಂದು ತಿಳಿಸಲು ಈ ಪತ್ರ.

ನನ್ನ ಮಗ ಎಂ.ಎ. ಮುಗಿಸಿ ಸಪ್ತಾಪುರದ ಕೋಚಿಂಗ್ ಕ್ಲಾಸುಗಳ ಮೆಟ್ಟಿಲು ಸವೆಸಿದವನು. ಎಫ್‌ಡಿಎ, ಪಿಎಸ್‌ಐ, ಕೆಎಎಸ್, ಅರ್ಜಿ ಕರೆದದ್ದಕ್ಕೆಲ್ಲ ಹಾಕಿದ್ದಾನೆ. ನಾನು ಹುಬ್ಬಳ್ಳಿಗೆ ಮಾಲು ತರಲು ಹೋದ ದಿನ ಮಾತ್ರ ಗಲ್ಲಾದ ಮೇಲೆ ಕೂರುತ್ತಾನೆ, ಅದೂ ಮಡಿಲಲ್ಲಿ ಪ್ರಚಲಿತ ವಿದ್ಯಮಾನದ ಪುಸ್ತಕ ಇಟ್ಟುಕೊಂಡು. ಉದ್ರಿ ಕೇಳಿದವರಿಗೆಲ್ಲ ಕೊಟ್ಟುಬಿಡುತ್ತಾನೆ, ಅದು ಬೇರೆ ಕತೆ.

ಒಂದು ಮಧ್ಯಾಹ್ನ ಟ್ಯಾಬ್ ಹಿಡಿದುಕೊಂಡು ನಿಮ್ಮ ಲೆಕ್ಕದ ಸಮೀಕ್ಷೆಯವರು ಬಂದರು. ಬಲು ಸಭ್ಯರು. ಚಹಾ ಕುಡಿಯುತ್ತಾ, "ಮಗ ಅಂಗಡ್ಯಾಗ ಕೂಡತಾರೇನ್ರಿ?" ಎಂದರು. "ಆಗೊಮ್ಮೆ ಈಗೊಮ್ಮೆ ಕೂಡತಾನ್ರಿ" ಎಂದೆ. "ವರ್ಷದಾಗ ಎಲ್ಲಾ ಕೂಡಿಸಿದ್ರ ಮೂವತ್ತು ದಿನ ಆಗಬಹುದಾ?" "ಆದೀತು." "ಪಗಾರ?" ನಾನು ನಕ್ಕೆ. ಅವರು ನಗಲಿಲ್ಲ, ಟ್ಯಾಬಿನಲ್ಲಿ 21 ಎಂದು ಒತ್ತಿದರು. ಅಂದರೆ ಮನೆಯ ಉದ್ಯಮದಲ್ಲಿ ಸಂಬಳವಿಲ್ಲದ ಸಹಾಯಕ!

ವರ್ಷದ ಹೆಚ್ಚಿನ ಕಾಲ ಮಗ ಕೆಲಸ ಹುಡುಕುತ್ತಿದ್ದನಲ್ಲವೇ ಎಂದು ಕೇಳಿದೆ. ಹೌದು, ಅದನ್ನೂ ಬರೆದುಕೊಂಡಿದ್ದಾರಂತೆ, 81 ಎಂದು. ಆದರೆ ನಿಮ್ಮ ಲೆಕ್ಕದಲ್ಲಿ ಮುಖ್ಯ ಚಟುವಟಿಕೆಯ ಜೊತೆಗೆ ಉಪಚಟುವಟಿಕೆಯೂ ಸೇರುತ್ತದೆ, ಅದಕ್ಕೆ ಮೂವತ್ತು ದಿನ ಸಾಕು. ಹೀಗೆ ಹನ್ನೊಂದು ತಿಂಗಳ ಅರ್ಜಿ, ಶುಲ್ಕ, ಹಾಲ್ ಟಿಕೆಟ್ಟುಗಳನ್ನು ಒಂದು ತಿಂಗಳ ಗಲ್ಲಾ ನುಂಗಿಹಾಕಿತು. ಸರ್ಕಾರ ಕೊಡಲಾಗದ ನೌಕರಿಯನ್ನು ನಾನು ಕೊಟ್ಟಿದ್ದೆ, ನನಗೇ ಗೊತ್ತಿರಲಿಲ್ಲ.

ನಿಮಗೊಬ್ಬ ವಾರದ ಲೆಕ್ಕದ ತಮ್ಮನೂ ಇದ್ದಾನಲ್ಲ, ಅವನು ಇನ್ನೂ ಉದಾರಿ. ಏಳು ದಿನದಲ್ಲಿ ಒಂದು ಗಂಟೆ ದುಡಿದವನನ್ನೂ ಉದ್ಯೋಗಿ ಎನ್ನುತ್ತಾನೆ. ಇಷ್ಟಾದರೂ 2025ರ ಏಪ್ರಿಲ್‌ನಲ್ಲಿ ಅವನು 5.1ಕ್ಕೆ ನಿಂತಿದ್ದ. ಒಂದು ಗಂಟೆಯ ಕೆಲಸವೂ ಸಿಗದವರು ಅಷ್ಟು ಮಂದಿ ಇದ್ದಾರೆಂದು ಅವನು ಬಾಯಿಬಿಟ್ಟು ಹೇಳಿದರೂ, ಸಭೆ ಸಮಾರಂಭಗಳಿಗೆ ಕರೆಯುವುದು ನಿಮ್ಮನ್ನೇ.

ಪಕ್ಕದ ಮನೆಯ ಹುಡುಗಿಯ ಉಪಕಾರವನ್ನೂ ನೀವು ನೆನೆಯಬೇಕು. ಬಿ.ಎಡ್. ಮಾಡಿ ಶಾಲೆಯಿಂದ ಶಾಲೆಗೆ ಅಲೆದಳು. ಸಾಕಾಗಿ ಈಗ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ. ಅಲೆಯುತ್ತಿದ್ದಾಗ ನಿಮಗೆ ಭಾರ, ಕೈಚೆಲ್ಲಿ ಕೂತ ಮೇಲೆ ಲೆಕ್ಕಕ್ಕೇ ಇಲ್ಲ. ಕೆಲಸ ಹುಡುಕದೆ, ಕೆಲಸಕ್ಕೆ ಸಿದ್ಧರೂ ಅಲ್ಲವೆಂದು ಬರೆಸಿಕೊಂಡವರು ಕಾರ್ಮಿಕ ಬಲದ ಹೊರಗೆ. ದೇಶದ ನಿರುದ್ಯೋಗಿಗಳೆಲ್ಲ ಒಂದೇ ದಿನ ಆಸೆ ಬಿಟ್ಟರೆ ನೀವು ಸೊನ್ನೆಯಾಗಿ ಮೋಕ್ಷ ಪಡೆಯುತ್ತೀರಿ.

ನೀವು ಸುಳ್ಳುಗಾರರೆಂದು ನಾನು ಹೇಳುತ್ತಿಲ್ಲ. 1970ರಲ್ಲೇ ದಾಂತವಾಲಾ ಸಮಿತಿ ನಮ್ಮಂಥ ದೇಶದ ನಿರುದ್ಯೋಗವನ್ನು ಒಂದೇ ಅಂಕಿಯಲ್ಲಿ ಹಿಡಿಯಬೇಡಿ ಎಂದು ಎಚ್ಚರಿಸಿತ್ತು. ಹೊಲ, ಅಂಗಡಿ, ಮಗ್ಗ ಇದ್ದ ಮನೆಯಲ್ಲಿ ಯಾರು ದುಡಿಯುತ್ತಾರೆ, ಯಾರು ಸುಮ್ಮನೆ ಕೂತಿದ್ದಾರೆ ಎಂಬುದು ಮನೆಯವರಿಗೇ ಬಗೆಹರಿಯದ ವಿಷಯ. ಒಂದೇ ಅಂಕಿ ಸಾಕೆಂದು ಹಟ ಹಿಡಿದವರು ಬೇರೆ. ನಿಮ್ಮ 6.1ರ ಅವತಾರ ನೆನಪಿದೆಯೇ? ವರದಿ ಸಿದ್ಧವಿದ್ದರೂ ಹೊರಗೆ ಬಿಡಲಿಲ್ಲವೆಂದು 2019ರ ಜನವರಿಯಲ್ಲಿ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರು. ಚುನಾವಣೆ ಮುಗಿದು, ಮೇ 30ರಂದು ಹೊಸ ಸರ್ಕಾರ ಪ್ರಮಾಣವಚನ ಸ್ವೀಕರಿಸಿ, ಮರುದಿನ ನಿಮ್ಮ ದರ್ಶನವಾಯಿತು. ಮುಹೂರ್ತ ನೋಡುವುದರಲ್ಲಿ ನಮ್ಮ ಊರಿನ ಜೋಯಿಸರೂ ನಿಮ್ಮವರ ಮುಂದೆ ಸಪ್ಪೆ.

ಒಂದು ವಿಷಯ ಮಾತ್ರ ನನಗೆ ತಿಳಿಯದೆ ಮಗನನ್ನೇ ಕೇಳಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯವರ 2024ರ ವರದಿಯಂತೆ, 2022ರಲ್ಲಿ ಓದು ಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ 3.4, ಯುವ ಪದವೀಧರರಲ್ಲಿ ಶೇ 29.1. "ಇದ್ಯಾವ ನ್ಯಾಯ ಅಪಾ?" ಎಂದೆ. "ಖಾಲಿ ಕೂಡಾಕೂ ಮನ್ಯಾಗ ಎರಡು ಹೊತ್ತು ಊಟ ಇರಬೇಕು. ಕೂಲಿಯವರ ಮಗಾ ನನ್ನಂಗ ಕೂತರ ಉಪವಾಸ ಬೀಳತಾನ" ಎಂದ. ಎಂ.ಎ. ದಂಡವಾಗಿಲ್ಲ ಅನ್ನಿಸಿತು.

ಹಾಗಾದರೆ ಕೆಲಸ ಎಲ್ಲಿ ಹೋಯಿತು? ಕಂಪನಿಗಳು ಬೆಳೆಯುತ್ತಿವೆ, ಯಂತ್ರ ತರುತ್ತಿವೆ, ಜನ ಮಾತ್ರ ಹೊಲಕ್ಕೆ ಮರಳಿದ್ದಾರೆ. ಕೃಷಿಯಲ್ಲಿರುವವರ ಪಾಲು 2018-19ರ ಶೇ 42.5ರಿಂದ 2023-24ಕ್ಕೆ ಶೇ 46.1ಕ್ಕೆ ಏರಿದೆ. ನಾಲ್ವರ ಹೊಲದಲ್ಲಿ ಆರು ಮಂದಿ ನಿಂತರೆ ಆರೂ ಮಂದಿ ನಿಮ್ಮ ಪಾಲಿಗೆ ಉದ್ಯೋಗಿಗಳೇ, ಬೆಳೆ ಮಾತ್ರ ನಾಲ್ವರದು. ಅತ್ತ ಉತ್ತರ ಪ್ರದೇಶದಲ್ಲಿ 2024ರಲ್ಲಿ 60,244 ಕಾನ್‌ಸ್ಟೇಬಲ್ ಹುದ್ದೆಗೆ ಸುಮಾರು 48 ಲಕ್ಷ ಅರ್ಜಿ. ಅವರಲ್ಲೂ ಎಷ್ಟೋ ಮಂದಿ ಯಾವುದೋ ಗಲ್ಲಾದ ಮೇಲೆ ಕೂತೇ ಫಾರ್ಮ್ ತುಂಬಿರಬೇಕು.

ಕಡೆಯದಾಗಿ ಒಂದು ಅರಿಕೆ. ಬರುವ ಭಾನುವಾರ ಹುಡುಗಿಯ ಕಡೆಯವರು ಮನೆಗೆ ಬರುತ್ತಿದ್ದಾರೆ. "ಹುಡುಗ ಏನ್ ಮಾಡ್ತಾನ್ರಿ?" ಎಂದು ಕೇಳಿಯೇ ಕೇಳುತ್ತಾರೆ. 21 ಎಂದರೆ ಅದು ವಯಸ್ಸೆಂದು ತಿಳಿದಾರು. ಆದ್ದರಿಂದ ತಾವೇ ಖುದ್ದು ದಯಮಾಡಿಸಿ, ಉಪ್ಪಿಟ್ಟು ಶಿರಾ ತಿನ್ನುತ್ತಾ, ಬೀಗರಿಗೆ ತಿಳಿಯುವಂತೆ ವಿವರಿಸಬೇಕು. ಹೋಗಿ ಬರುವ ಬಸ್ ಚಾರ್ಜು ನನ್ನದು.

ಇಂತಿ ತಮ್ಮ ವಿಧೇಯ,
ಪಗಾರ ಕೊಡದ ಮಾಲಕ