ತಾಡಪತ್ರಿ ಮಹಾಶಯರಿಗೊಂದು ಬಹಿರಂಗ ಪತ್ರ

ಸಕಲ ಧ್ವನಿವರ್ಧಕಗಳ ಆಪದ್ಬಾಂಧವರೂ, ದೊಡ್ಡಾಟದ ಅಟ್ಟಗಳ ಅಭಯಪ್ರದಾಯಕರೂ, ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಜಾತ್ರಾ ಸಮಿತಿಗಳಿಂದ ಸದಾ ಸನ್ಮಾನಿತರೂ ಆದ ಶ್ರೀ ತಾಡಪತ್ರಿ ಮಹಾಶಯರ ಸನ್ನಿಧಿಗೆ ಎರೆನೆಲದ ಓರ್ವ ಪ್ರೇಕ್ಷಕನ ವಿನಯಪೂರ್ವಕ ವಿಜ್ಞಾಪನೆ.

ಪಡಸಾಲೆಯ ನೆರಳಿನಲ್ಲಿ ಕುಳಿತು ಹಾಡಲೆಂದೇ ಹುಟ್ಟಿದ ಆಂಪ್ಲಿಫಾಯರನ್ನೂ, ಗೋಡೆಯಿಂದ ಕಳಚಿ ತಂದ ಟಿ.ವಿ.ಯನ್ನೂ ಬಯಲಿಗೆ ಹೊತ್ತು ತಂದು, ಅವುಗಳಿಗೆ ತಮ್ಮನ್ನು ಹೊದಿಸಿ, ನಾಲ್ಕು ಮೂಲೆಗೂ ಸುತಳಿ ಬಿಗಿದು, "ಇನ್ನ ಯಾತರ ಚಿಂತಿ?" ಎಂದು ಕೈ ಝಾಡಿಸಿಕೊಳ್ಳುವ ನಮ್ಮ ಕಾರ್ಯಕರ್ತರನ್ನು ಕಂಡಾಗ, ಅವರ ಭಕ್ತಿಯು ಊರ ದೇವರಿಗಿಂತ ತಮ್ಮ ಮೇಲೆಯೇ ಒಂದು ಗುಂಜಿ ಹೆಚ್ಚೆಂದು ತೋರುವುದು. ಜಾತ್ರೆಯ ಹೊತ್ತಿಗೆ ತಪ್ಪದೆ ಬರುವ ಅಡ್ಡಮಳೆಯ ಹನಿಯನ್ನು ತಾವು ತಡೆಯಬಲ್ಲಿರೆಂಬುದನ್ನು ಅಲ್ಲಗಳೆಯುವಷ್ಟು ಕೃತಘ್ನನು ನಾನಲ್ಲ. ಆದರೆ ತೇವವು ಆಕಾಶಮಾರ್ಗವೊಂದರಿಂದಲೇ ಬರುತ್ತದೆಂದು ತಮಗೆ ಯಾರು ಹೇಳಿದರೋ ತಿಳಿಯದು.

ಹಿಂಗಾರಿಯ ಕಡಲೆಗೂ ಬಿಳಿಜೋಳಕ್ಕೂ ಅಮೃತಪ್ರಾಯವಾದ ಇಬ್ಬನಿಯು ಹೇಮಂತದ ರಾತ್ರಿಗಳಲ್ಲಿ ಬೆಳೆಗೂ ಯಂತ್ರಕ್ಕೂ ಭೇದವೆಣಿಸದೆ ಇಳಿಯುತ್ತದೆ. ರಾತ್ರಿಯೆಲ್ಲ ಕಾದಿದ್ದ ಆಂಪ್ಲಿಫಾಯರನ್ನು ಮಂಗಳದ ಪದವು ಮುಗಿದೊಡನೆ ಆರಿಸಿ, ತಮ್ಮ ವಶಕ್ಕೊಪ್ಪಿಸಿ ಎಲ್ಲರೂ ಚಹಾಕ್ಕೆ ಹೋದ ಮೇಲೆ, ಅದರ ಲೋಹದ ಮೈ ತಣಿಯುತ್ತ ತಣಿಯುತ್ತ, ಗಾಳಿಯೊಳಗೆ ಅದೃಶ್ಯವಾಗಿದ್ದ ಆವಿಯು ನೀರಾಗಿ ಒಳಗಣ ಫಲಕಗಳ ಮೇಲೆ ಆಸೀನವಾಗುವುದು. ಶುದ್ಧೋದಕವು ವಿದ್ಯುತ್ತನ್ನು ಒಯ್ಯುವುದು ತೀರ ಅತ್ಯಲ್ಪ. ಆದರೆ ಅಲ್ಲಿ ಮೊದಲೇ ಕುಳಿತ ಎರೆಯ ಧೂಳಿನ ಲವಣಗಳನ್ನು ಕರಗಿಸಿಕೊಂಡ ನೀರಿಗೆ ಆ ಸಂಕೋಚವಿಲ್ಲ. ನೆಲದಿಂದೇಳುವ ಹಸಿಯನ್ನೂ ತಾವು ಹೊರಗೆ ಬಿಡದೆ ಭದ್ರವಾಗಿ ಕಾಯುತ್ತೀರಿ. ಯಂತ್ರವು ನಡೆಯುತ್ತಿರುವಾಗಲೋ, ಅದರ ಉಸಿರಾಟದ ಕಿಂಡಿಗಳನ್ನೇ ಮುಚ್ಚಿ, ತೊಯ್ದು ಸಾಯಬೇಕಾದುದನ್ನು ಬೆಂದು ಸಾಯುವಂತೆ ಮಾಡುವುದು ತಮ್ಮ ವಿಶೇಷ ಕೌಶಲವೇ ಸರಿ.

ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು ಇಂಥ ಪೆಟ್ಟಿಗೆಗಳಿಗೆ 'ಐಪಿ' ಎಂಬ ಬಿರುದಿನ ಜೊತೆಗೆ ಎರಡು ಅಂಕೆಗಳನ್ನು ದಯಪಾಲಿಸಿದೆ. ಮನೆಯೊಳಗಿನ ಯಂತ್ರಗಳಿಗೆ ಸಾಮಾನ್ಯವಾಗಿ ದೊರೆಯುವುದು 20. ಅದರ ಕೊನೆಯ ಸೊನ್ನೆಯ ತಾತ್ಪರ್ಯ, ನೀರಿನಿಂದ ಯಾವ ರಕ್ಷಣೆಯೂ ಇಲ್ಲವೆಂಬುದು. ಸುತ್ತಲಿನಿಂದ ಸಿಡಿಯುವ ನೀರನ್ನು ತಾಳಲು ಅಲ್ಲಿ 4 ಇರಬೇಕು. ತಮ್ಮನ್ನು ಹೊದ್ದ ಮಾತ್ರಕ್ಕೆ ಸೊನ್ನೆಯು ನಾಲ್ಕಾಗುವ ಪವಾಡವು ನಮ್ಮ ಶರಣರ ನಾಡಿನಲ್ಲಿಯೂ ಇನ್ನೂ ನಡೆದಿಲ್ಲ.

ಇನ್ನು ಹಸಿಮಣ್ಣಿನ ಮೇಲೆ ನಿಶ್ಚಿಂತೆಯಿಂದ ಪವಡಿಸಿರುವ ವಯರಿನ ಜಾಯಿಂಟುಗಳ ಮಾತು. 1787ರಲ್ಲಿ ಗಜೇಂದ್ರಗಡದಲ್ಲಿ ಟಿಪ್ಪೂ ಸುಲ್ತಾನನಿಗೂ ಮರಾಠರಿಗೂ ಒಪ್ಪಂದವಾಯಿತೆಂಬುದು ಚರಿತ್ರೆಯಲ್ಲುಂಟು. ನೀರಿಗೂ ವಿದ್ಯುತ್ತಿಗೂ ಅಲ್ಲಿ ಸಂಧಿಯಾದಂತೆ ಎಲ್ಲಿಯೂ ಬರೆದಿಲ್ಲ. ಆದಾಗ್ಯೂ ತೊಯ್ದ ಮೈಕನ್ನು ಹಿಡಿದು ಬರಿಗಾಲಿನಲ್ಲಿ ನಿಂತು ವಂದನಾರ್ಪಣೆ ಮಾಡುವ ಧೀರರಿಗೆ ನಮ್ಮಲ್ಲಿ ಬರವಿಲ್ಲ. 30 ಮಿಲಿಆಂಪಿಯರಿನಷ್ಟು ವಿದ್ಯುತ್ತು ಸೋರಿದೊಡನೆ ಕರೆಂಟನ್ನು ಕಡಿದು ಜೀವವನ್ನುಳಿಸುವ ಆರ್‌ಸಿಸಿಬಿ ಎಂಬ ಸಣ್ಣ ಸ್ವಿಚ್ಚಿಗೆ, ದೀಪದ ಸರಗಳಿಗೂ ಹಾರತುರಾಯಿಗಳಿಗೂ ಕೈ ಬಿಚ್ಚಿ ಸುರಿದ ಮೇಲೆ, ಸಮಿತಿಯ ಬೊಕ್ಕಸದಲ್ಲಿ ದುಡ್ಡು ಉಳಿಯುವುದಿಲ್ಲ.

ತಮ್ಮನ್ನು ಪದಚ್ಯುತಗೊಳಿಸುವುದು ನನ್ನ ಉದ್ದೇಶವಲ್ಲ. ಒಂದು ಮೊಳ ಮೇಲಕ್ಕೆ ಬಡ್ತಿ ಕೊಡಿಸುವುದಷ್ಟೇ. ಯಂತ್ರವು ಬೆಂಚಿನ ಮೇಲಿರಲಿ; ತಾವು ಅದರ ಮೈಗೆ ತಾಗದೆ, ಗಾಳಿಯಂತ್ರಗಳನ್ನೇ ತಿರುಗಿಸುವ ಗಜೇಂದ್ರಗಡದ ಗಾಳಿಗೆ ಹಾರದಂತೆ ಗಟ್ಟಿಯಾಗಿ, ಓರೆಯಾಗಿ ಚಪ್ಪರವಾಗಿರಿ. ವಯರು ಪೆಟ್ಟಿಗೆಯನ್ನು ಸೇರುವ ಮೊದಲು ಒಮ್ಮೆ ಕೆಳಗೆ ಜೋತು ಮೇಲೇರಲಿ. ಹರಿದುಬಂದ ಹನಿ ಅಲ್ಲಿಯೇ ಉದುರುವುದು. ಆಟ ಮುಗಿದೊಡನೆ ಯಂತ್ರವನ್ನು ಒಳಗೊಯ್ದು, ಪೂರ್ಣವಾಗಿ ಆರುವ ತನಕ ಯಾರೂ ಅದರ ಸ್ವಿಚ್ಚನ್ನು ಮುಟ್ಟದಿರಲಿ.

ಈ ಪತ್ರವನ್ನು ತಮಗೆ ಓದಿ ಹೇಳಲಿರುವ ಸಮಿತಿಯ ಹಿರಿಯರಲ್ಲಿ ನನ್ನದೊಂದೇ ಬಿನ್ನಹ: ಮುಂದಿನ ಆಟಕ್ಕೆ ಮೈಕ್‌ಸೆಟ್ಟಿನವನಿಗೆ ಮುಂಗಡ ಕೊಡುವಾಗ ಆ ಸಣ್ಣ ಸ್ವಿಚ್ಚಿನ ದುಡ್ಡನ್ನೂ ಅವನ ಕೈಯಲ್ಲಿಡಿರಿ.