ಆಡುವವರಿಗೆ ಪ್ರವೇಶವಿಲ್ಲ

ಟೇಬಲ್ ಟೆನಿಸ್ ಮೇಜಿನ ಉದ್ದ 2.74 ಮೀಟರ್, ಅಗಲ 1.525 ಮೀಟರ್. ಬೆಂಗಳೂರಿನ ಬಿಲ್ಡರ್‌ಗಳು ಈ ಅಂತರರಾಷ್ಟ್ರೀಯ ಅಳತೆಗೆ ಎಷ್ಟು ನಿಷ್ಠರೆಂದರೆ, ಮೇಜಿಡುವ ಕೋಣೆಯನ್ನೂ ಹೆಚ್ಚುಕಮ್ಮಿ ಅದೇ ಅಳತೆಗೆ ಕಟ್ಟಿಬಿಟ್ಟಿದ್ದಾರೆ. ದೊಡ್ಡ ಪಂದ್ಯಾವಳಿಗಳಲ್ಲಿ ಒಂದು ಮೇಜಿಗೆ 14 ಮೀಟರ್ ಉದ್ದ, 7 ಮೀಟರ್ ಅಗಲದ ಜಾಗ ಬಿಡುತ್ತಾರೆ. ಆಟಗಾರ ಹಿಂದೆ ಸರಿಯಬೇಕು, ಪಕ್ಕಕ್ಕೆ ಹಾರಬೇಕು ಎಂಬ ಲೆಕ್ಕ. ನಮ್ಮಲ್ಲಿ ಹಿಂದೆ ಸರಿದರೆ ಬೆಂಕಿ ಆರಿಸುವ ಸಿಲಿಂಡರು, ಪಕ್ಕಕ್ಕೆ ಹಾರಿದರೆ ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಟ್ರೆಡ್‌ಮಿಲ್ಲು. ಆದರೂ ದೂರುವಂತಿಲ್ಲ. ಬ್ರೋಷರ್‌ನಲ್ಲಿ ‘ವಿಶ್ವದರ್ಜೆಯ ಒಳಾಂಗಣ ಕ್ರೀಡಾ ಸೌಲಭ್ಯ’ ಎಂದಿದ್ದರು. ಒಳಾಂಗಣವಂತೂ ಹೌದು.

ಮೇಜು ಯಾರಿಗೆ ಸೇರಿದ್ದು ಎಂದು ಮಾತ್ರ ಕೇಳಬೇಡಿ. ಬಿಲ್ಡರ್ ಇನ್ನೂ ಹಸ್ತಾಂತರವನ್ನೇ ಮಾಡಿಲ್ಲ ಅನ್ನುವವರು ಒಂದು ಕಡೆ, ಮಾಡಿದರೂ ಪಡೆದುಕೊಳ್ಳುವ ಹಕ್ಕು ನಮ್ಮ ಸಂಘಕ್ಕೆಲ್ಲಿದೆ ಅನ್ನುವವರು ಇನ್ನೊಂದು ಕಡೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಿದ್ದು ಸರಿಯೋ, 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಕಟ್ಟಬೇಕಿತ್ತೋ ಎಂಬ ಜಗಳ ಈ ಊರಿನಲ್ಲಿ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿದೆ. ಹೀಗಾಗಿ ನೆಟ್ ಬಿಗಿಯುವ ಒಂದು ಸ್ಕ್ರೂ ತರಬೇಕಾದರೂ ಮೊದಲು ಕಾನೂನಿನ ಪ್ರಶ್ನೆ ಏಳುತ್ತದೆ. ಸದ್ಯಕ್ಕೆ ನೆಟ್ಟನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಹಿಡಿಸಿದೆ. ಎತ್ತರ 15.25 ಸೆಂಟಿಮೀಟರ್ ಇರಬೇಕು. ಕ್ಲಿಪ್ ಇರುವ ಎರಡು ತುದಿಯಲ್ಲಿ ಅಷ್ಟಿದೆ, ನಡುವೆ ಜೋತುಬಿದ್ದಿದೆ. ಎಲ್ಲರೂ ಆ ಜೋತುಬಿದ್ದ ಜಾಗದ ಮೇಲಿಂದಲೇ ಸ್ಮ್ಯಾಶ್ ಹೊಡೆದು, ತಮ್ಮ ಆಟ ಬಹಳ ಸುಧಾರಿಸಿದೆ ಎಂದು ನಂಬಿಕೊಂಡಿದ್ದಾರೆ. ತಿಂಗಳ ಮೇಂಟೆನೆನ್ಸ್ 7,500 ರೂಪಾಯಿ ದಾಟಿದ್ದರಿಂದ ಶೇ 18ರ ಜಿಎಸ್‌ಟಿ ಬೇರೆ. ಆಡದೇ ಇರುವುದಕ್ಕೂ ತೆರಿಗೆ ಕಟ್ಟುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ ಬಿಡಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿಯ ಹೆಸರು ಕ್ರೀಡಾ ಉಪಸಮಿತಿ. ಅದರಲ್ಲಿರುವ ಯಾರೂ ಬ್ಯಾಟ್ ಹಿಡಿದವರಲ್ಲ. ಹಿಡಿದವರನ್ನು ಸೇರಿಸಿಕೊಂಡರೆ ಹಿತಾಸಕ್ತಿ ಸಂಘರ್ಷವಾಗುತ್ತದಂತೆ. ಸಮಿತಿಯ ಜೀವಮಾನದ ಸಾಧನೆ ಎಂದರೆ ಬಾಗಿಲ ಮೇಲೆ ಲ್ಯಾಮಿನೇಟ್ ಮಾಡಿಸಿ ಅಂಟಿಸಿದ ನೋಟಿಸು. ಮಕ್ಕಳು ಅಪ್ಪ ಅಮ್ಮ ಇಲ್ಲದೆ ಬರಬಾರದು ಎನ್ನುತ್ತದೆ ಮೊದಲ ಸಾಲು. ಅಪ್ಪ ಅಮ್ಮ ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಿಂದ ಬಿಡುಗಡೆಯಾಗಿ ಬರುವ ಹೊತ್ತಿಗೆ ಕೋಣೆಗೆ ಬೀಗ ಬಿದ್ದಿರುತ್ತದೆ. ಮಧ್ಯಾಹ್ನ ಆಟ ನಿಷಿದ್ಧ, ಕೆಳಗಿನ ಮನೆಯವರು ಮಲಗುತ್ತಾರೆ. 2.7 ಗ್ರಾಂ ತೂಕದ ಚೆಂಡಿನ ಸದ್ದಿಗೆ ಎಚ್ಚರವಾಗುವ ಆ ಕುಟುಂಬ, ಎದುರಿನ ಸೈಟಿನಲ್ಲಿ ಬೋರ್‌ವೆಲ್ ಕೊರೆಯುವಾಗ ಮಗ್ಗುಲು ಸಹ ಬದಲಿಸುವುದಿಲ್ಲ. ಬಾಡಿಗೆದಾರರು ಮಾಲೀಕರಿಂದ ಒಪ್ಪಿಗೆ ಪತ್ರ ತರಬೇಕು, ಮಾಲೀಕರು ನ್ಯೂಜೆರ್ಸಿಯಲ್ಲಿದ್ದಾರೆ. ಇಷ್ಟೂ ಇಂಗ್ಲಿಷಿನಲ್ಲಿದೆ. ಕೊನೆಯ ಸಾಲೊಂದೇ ಕನ್ನಡ: ‘ಮನೆಗೆಲಸದವರು, ಡ್ರೈವರ್‌ಗಳು, ಸೆಕ್ಯುರಿಟಿಯವರು ಒಳಗೆ ಬರಬಾರದು.’ ಈ ಕಾಂಪೌಂಡಿನೊಳಗೆ ಕನ್ನಡಕ್ಕೆ ಸಿಕ್ಕಿರುವ ಸ್ಥಾನಮಾನ ಅಷ್ಟು. ನವೆಂಬರ್ 1ರಂದು ಬಾವುಟ ಹಾರಿಸಿ ಕೇಸರಿಬಾತ್ ಹಂಚುತ್ತೇವೆ, ಇಲ್ಲ ಅನ್ನಬಾರದು. ಪಾತ್ರೆ ಇಡುವುದು ಇದೇ ಮೇಜಿನ ಮೇಲೆ.

ಇದನ್ನೆಲ್ಲ ದಾಟಿದ ಮಾಲೀಕವರ್ಗ ಆ್ಯಪ್‌ನಲ್ಲಿ ಬುಕ್ ಮಾಡಬೇಕು. ನಡುರಾತ್ರಿ ಹನ್ನೆರಡಕ್ಕೆ ಮರುದಿನದ ಸ್ಲಾಟ್ ತೆರೆದರೆ ಹನ್ನೆರಡೂ ಒಂದಕ್ಕೆ ಖಾಲಿ. ಎಲ್ಲ ತತ್ಕಾಲ್ ಟಿಕೆಟ್ ಹಿಡಿದು ಪಳಗಿದ ಕೈಗಳು. ಸಂಜೆ ಹೋಗಿ ನೋಡಿದರೆ ಕೋಣೆಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಬುಕ್ ಮಾಡಿದವರು ಲಿಫ್ಟಿನಲ್ಲಿ ಸಿಕ್ಕಾಗ ಕೇಳಿದರೆ, ‘ಮೇಂಟೆನೆನ್ಸ್ ಕಟ್ತೀವಲ್ಲ ಸಾರ್, ವಸೂಲಾಗಬೇಕು’ ಎನ್ನುತ್ತಾರೆ. ತಾವು ಆಡುವುದಕ್ಕಿಂತ ಪಕ್ಕದ ಬ್ಲಾಕಿನವರು ಆಡದಂತೆ ನೋಡಿಕೊಳ್ಳುವುದರಲ್ಲಿ ವಸೂಲಿ ಜಾಸ್ತಿ.

ಅಕಸ್ಮಾತ್ ಇಬ್ಬರು ಮೇಜಿನ ಎರಡು ಕಡೆ ನಿಂತರು ಅನ್ನಿ, ಆಗ ಮೂಲಭೂತ ಪ್ರಶ್ನೆ ಬರುತ್ತದೆ: 11ಕ್ಕೋ 21ಕ್ಕೋ? ಜಗತ್ತು 2001ರಲ್ಲೇ 11 ಪಾಯಿಂಟ್‌ಗೆ ಇಳಿಯಿತು. ಅದಕ್ಕೂ ಹಿಂದಿನ ವರ್ಷ ಚೆಂಡು 38 ಮಿಲಿಮೀಟರಿನಿಂದ 40ಕ್ಕೆ ಬೆಳೆಯಿತು, 2002ರಲ್ಲಿ ಸರ್ವ್ ಮಾಡುವಾಗ ಚೆಂಡನ್ನು ಮೈಮರೆಯಲ್ಲಿ ಬಚ್ಚಿಡುವುದಕ್ಕೆ ನಿಷೇಧ ಬಿತ್ತು. ಈ ಯಾವ ಸುದ್ದಿಯೂ ಸಿ ಬ್ಲಾಕಿನ ನಿವೃತ್ತ ಬ್ಯಾಂಕ್ ಮ್ಯಾನೇಜರರಿಗೆ ತಲುಪಿಲ್ಲ. ಅವರದು 21, ಐದೈದು ಸರ್ವ್. ಚೆಂಡನ್ನು ಅಂಗೈಯಿಂದ 16 ಸೆಂಟಿಮೀಟರಾದರೂ ಮೇಲಕ್ಕೆ ಎಸೆಯಬೇಕೆಂಬ ನಿಯಮವಿದೆ. ಇವರು ಎಸೆಯುವುದೇ ಇಲ್ಲ, ಹೊಟ್ಟೆಯ ಮರೆಯಲ್ಲಿಟ್ಟು ನೇರ ಕೆತ್ತುತ್ತಾರೆ. ಎ ಬ್ಲಾಕಿನ ಸಾಫ್ಟ್‌ವೇರ್ ಹುಡುಗನ ಬಳಿ ಹದಿನೈದು ಸಾವಿರದ ಬ್ಯಾಟು, ಜಪಾನಿನ ರಬ್ಬರು, ಅದನ್ನು ಒರೆಸಲು ಸ್ಪಂಜು, ಒರೆಸಿದ ಮೇಲೆ ಮುಚ್ಚಲು ಹಾಳೆ. ಅಂಕಲ್ಲಿನ ಕೈಯಲ್ಲಿ ಅರ್ಧ ರಬ್ಬರ್ ಕಿತ್ತುಹೋದ ಗುಳ್ಳೆ ಬ್ಯಾಟು. 21–6. ಹುಡುಗ ಅಂದೇ ರಾತ್ರಿ ನಿಯಮಾವಳಿಯ ಪಿಡಿಎಫ್ಫನ್ನು ಗುಂಪಿಗೆ ಹಾಕಿದ. ವಿಷಯ ಸರ್ವಸದಸ್ಯರ ಸಭೆಗೆ ಹೋಯಿತು.

1936ರಲ್ಲಿ ಪ್ರಾಗ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪೋಲೆಂಡಿನ ಎರ್ಲಿಕ್ ಮತ್ತು ರೊಮೇನಿಯಾದ ಪನೆತ್ ನಡುವೆ ಮೊದಲ ಪಾಯಿಂಟೊಂದೇ ಎರಡು ಗಂಟೆಗೂ ಮೀರಿ ನಡೆದಿತ್ತು. ಗಾಬರಿಯಾದ ಆಡಳಿತಗಾರರು ಆಟ ಎಳೆಯದಂತೆ ಸಮಯದ ಕಟ್ಟು ತಂದರು. ಎ ಬ್ಲಾಕ್, ಸಿ ಬ್ಲಾಕ್ ಸಭೆಗೆ ಅಂಥ ಕಟ್ಟು ಇಲ್ಲ. ಎಸ್‌ಟಿಪಿ ಕೆಟ್ಟು ನೆಲಮಾಳಿಗೆ ನಾರುತ್ತಿರುವ ವಿಚಾರ ಐದು ನಿಮಿಷದಲ್ಲಿ ಮುಗಿದು, ಉಳಿದ ಬೆಳಗೆಲ್ಲ 11ಕ್ಕೂ 21ಕ್ಕೂ ಹೋಯಿತು. ನಡುವೆ ಯಾರೋ ರಾಜಿಗೆ 16 ಅಂದರು. 1971ರಲ್ಲಿ ಅಮೆರಿಕದ ಟೇಬಲ್ ಟೆನಿಸ್ ತಂಡ ಚೀನಾಕ್ಕೆ ಹೋಗಿ ಆಡಿದ್ದಕ್ಕೆ, ಮರುವರ್ಷ ನಿಕ್ಸನ್ನರೇ ಬೀಜಿಂಗಿಗೆ ಹೋಗಿ ಮಾವೋ ಕೈ ಕುಲುಕಿದರು. ಎರಡು ದಶಕ ಮುಖ ತಿರುಗಿಸಿಕೊಂಡಿದ್ದ ದೇಶಗಳನ್ನು ಮಾತಿಗೆ ಕೂರಿಸಿದ ಆಟ ನಮ್ಮಲ್ಲಿ ವಾಟ್ಸ್‌ಆ್ಯಪ್ ಗುಂಪನ್ನು ಎರಡಾಗಿ ಒಡೆದಿದೆ. ಕೋರಂ ಇಲ್ಲದ್ದರಿಂದ ಸಭೆ ಮುಂದಕ್ಕೆ ಹೋಯಿತು. ಇಡ್ಲಿ ವಡೆ ಬಂದ ಮೇಲೆ ಕೋರಂ ಮುರಿಯುವುದು ನಮ್ಮಲ್ಲಿ ವಾಡಿಕೆ.

ಮಕ್ಕಳ ಆಟದ ಬಗ್ಗೆ ನಮಗೆ ಅಭಿಮಾನವಿಲ್ಲ ಎಂದುಕೊಳ್ಳಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳಾ ತಂಡ ಮೊದಲ ಬಾರಿಗೆ ಕ್ವಾರ್ಟರ್ ಫೈನಲ್ ತಲುಪಿತು. ಜರ್ಮನಿಗೆ ಸೋತ ಆ ಪಂದ್ಯದಲ್ಲಿ ನಮ್ಮ ಪಾಲಿಗೆ ಬಂದ ಒಂದೇ ಗೆಲುವು ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ ಅವರದು. ಅಂದು ಗುಂಪಿನಲ್ಲಿ ಯಾರೂ ಪಿಟ್ಟೆನ್ನಲಿಲ್ಲ. ಸ್ವಲ್ಪ ದಿನಕ್ಕೆ ಅವರು ಓದಲು ಅಮೆರಿಕಕ್ಕೆ ಹೊರಟ ಸುದ್ದಿ ಬಂತು ನೋಡಿ, ಫಾರ್ವರ್ಡ್ ಆಗಿದ್ದೇ ಆಗಿದ್ದು. ‘ಒಲಿಂಪಿಕ್ಸ್ ಆಡಿದ ಹುಡುಗಿಯೇ ಓದು ಮುಖ್ಯ ಅಂತಿದಾಳೆ, ನಿಮಗೇನ್ರೋ?’ ಈಗ ಶನಿವಾರ ಸಂಜೆ ಆ ಮೇಜಿನ ಸುತ್ತ ಅಬ್ಯಾಕಸ್ ಕ್ಲಾಸು.

ಹಾಗಾದರೆ ಅಲ್ಲಿ ಆಡಿದವರೇ ಇಲ್ಲವೇ? ಇದ್ದಾರೆ. ರಾತ್ರಿ ಪಾಳಿಯ ಸೆಕ್ಯುರಿಟಿ ಹುಡುಗ ಮತ್ತು ಹೌಸ್‌ಕೀಪಿಂಗಿನವನೊಬ್ಬ, ಯಾರೋ ಕಸಕ್ಕೆ ಹಾಕಿದ್ದ ರಬ್ಬರಿಲ್ಲದ ಬ್ಯಾಟುಗಳಲ್ಲಿ, ಬಿರುಕು ಬಿಟ್ಟ ಚೆಂಡಿನಲ್ಲಿ, ಚಪ್ಪಲಿ ಬಾಗಿಲಾಚೆ ಬಿಟ್ಟು. ಸಿಸಿಟಿವಿ ಹಿಡಿಯಿತು. ಉಪಸಮಿತಿ ಆ ದೃಶ್ಯವನ್ನು ಟಿವಿಗೆ ಹಾಕಿ, ಎರಡೂ ಬ್ಲಾಕಿನವರನ್ನು ಕರೆದು ವಿಚಾರಣೆಗೆ ಕೂತಿತು. ಕ್ಲಿಪ್ಪು ಹಾಕಿದ ನೆಟ್ಟಿನ ಮೇಲೆ ಚೆಂಡು ಹೋಗುತ್ತಿದೆ, ಬರುತ್ತಿದೆ, ಬೀಳುವುದೇ ಇಲ್ಲ. ಬ್ಯಾಂಕ್ ಮ್ಯಾನೇಜರ್ ಮಾತ್ರ ಮುಂದಕ್ಕೆ ಬಾಗಿ ‘ಇನ್ನೊಂದ್ಸಲ ಹಾಕ್ರೀ’ ಅಂದರು. ಮತ್ತೊಂದು ಸಲ ಹಾಕಿದರು. ನೋಡಿ ಮುಗಿಸಿ, ಇಬ್ಬರ ಒಂದು ದಿನದ ಸಂಬಳ ಕಡಿಯುವಂತೆ ಏಜೆನ್ಸಿಗೆ ಪತ್ರ ಬರೆದರು. ಠರಾವು ಅವಿರೋಧ. ಎ ಬ್ಲಾಕ್ ಮತ್ತು ಸಿ ಬ್ಲಾಕ್ ಒಮ್ಮತದಿಂದ ಕೈಗೊಂಡ ಏಕೈಕ ಕ್ರೀಡಾ ನಿರ್ಣಯ ಇದು.

ಅಧ್ಯಕ್ಷರೇ, ಆ ಇಬ್ಬರ ಸಂಬಳ ವಾಪಸ್ ಕೊಡಿಸಿ, ನೋಟಿಸು ಕಿತ್ತುಹಾಕಿ, ಕೋಣೆಯ ಬಾಗಿಲು ತೆರೆದಿಡಿ. ಆಡಿ ಆಡಿ ಮೇಜು ಸವೆದುಹೋದರೆ ಹೊಸದು ತರೋಣ, ಕಾರ್ಪಸ್ ಫಂಡಿನಲ್ಲಿ ದುಡ್ಡಿದೆ.