ಇಂಟರ್‌ಫೇಸ್ ವಿಭಜನ ಮೀಮಾಂಸೆ

ಅಥ ಇಂಟರ್‌ಫೇಸ್ ವಿಭಜನ ತತ್ತ್ವಂ ನಿರೂಪ್ಯತೇ.

ತಾನು ಬಳಸದ ಮೆಥಡ್‌ಗಳಿಗೆ ಯಾವ ಕ್ಲಾಸೂ ಕಟ್ಟುಬೀಳಬಾರದು ಎಂಬುದು ಮೂಲಸೂತ್ರ. ಇದರ ಆದ್ಯಾಚಾರ್ಯರು ಅಮೆರಿಕದ ರಾಬರ್ಟ್ ಸಿ. ಮಾರ್ಟಿನ್. ಇದು ಹುಟ್ಟಿದ್ದು ತಪೋವನದಲ್ಲಲ್ಲ, ಝೆರಾಕ್ಸ್ ಕಂಪನಿಯ ಪ್ರಿಂಟರಿನಲ್ಲಿ. ಅಲ್ಲಿ ಸ್ಟೇಪಲ್ ಹೊಡೆಯುವುದು, ಫ್ಯಾಕ್ಸ್ ಕಳಿಸುವುದು ಎಲ್ಲವೂ ‘ಜಾಬ್’ ಎಂಬ ಒಂದೇ ದಡೂತಿ ಕ್ಲಾಸಿಗೆ ಜೋತುಬಿದ್ದಿದ್ದವು. ಎಲ್ಲೋ ಚೂರು ತಿದ್ದಿದರೂ ಪ್ರೋಗ್ರಾಂ ಮತ್ತೆ ಸಿದ್ಧವಾಗಲು ಒಂದು ಗಂಟೆ ಕಾಯಬೇಕಿತ್ತು. ಮಾರ್ಟಿನ್ ಆಯಾ ಕೆಲಸಕ್ಕೆ ಬೇಕಾದಷ್ಟೇ ಮೆಥಡ್‌ಗಳ ಇಂಟರ್‌ಫೇಸ್ ಮಾಡಿಕೊಟ್ಟರು. 1996ರಲ್ಲಿ ಅದನ್ನು ಲೇಖನವಾಗಿ ಬರೆದರು.

ಇಷ್ಟಕ್ಕೇ ಮುಗಿದಿದ್ದರೆ ಭಾಷ್ಯಕಾರರ ಹೊಟ್ಟೆಪಾಡೇನು? ಆದ್ದರಿಂದ ಸ್ಥೂಲ ಇಂಟರ್‌ಫೇಸ್ ಪಂಚವಿಧ.

ಮೊದಲನೆಯದು ಶೂನ್ಯಗರ್ಭ. ಜಾವಾದ ಮೌಸ್‌ಲಿಸನರ್‌ನಲ್ಲಿ ಐದು ಮೆಥಡ್. ಬೇಕಾದದ್ದು ಕ್ಲಿಕ್ ಒಂದೇ ಆದರೂ ಉಳಿದ ನಾಲ್ಕಕ್ಕೆ ಖಾಲಿ ಆವರಣ ಬರೆಯಲೇಬೇಕು. ಪ್ರಾಯಶ್ಚಿತ್ತವಾಗಿ ಜಾವಾದವರೇ ಐದನ್ನೂ ಖಾಲಿ ಬರೆದಿಟ್ಟ ಮೌಸ್‌ಅಡಾಪ್ಟರ್ ಎಂಬ ಕ್ಲಾಸನ್ನು ದಯಪಾಲಿಸಿದ್ದಾರೆ.

ಎರಡನೆಯದು ಮಿಥ್ಯಾವಾಗ್ದಾನ. 2017ರ ಜಾವಾ 9ರಲ್ಲಿ ಬಂದ ‘ಲಿಸ್ಟ್.ಆಫ್’ ಕೊಡುವ ಪಟ್ಟಿಗೆ ಏನಾದರೂ ಸೇರಿಸಿ ಎಂದು ಬರೆದರೆ ಕಂಪೈಲರ್ ಹೂಂ ಎಂದು ತಲೆಯಾಡಿಸುತ್ತದೆ. ಆದರೆ ಪ್ರೋಗ್ರಾಂ ಓಡುವಾಗ ಆ ಪಟ್ಟಿ ‘ಅನ್‌ಸಪೋರ್ಟೆಡ್ ಆಪರೇಷನ್’ ಎಂದು ಕೈಯೆತ್ತುತ್ತದೆ. ಊಟಕ್ಕೆ ಕರೆದು ಎಲೆ ಹಾಕದ ಹಾಗೆ.

ಉಳಿದ ಮೂರು ವಿಧಗಳನ್ನು ಓದುಗರು ತಮ್ಮ ಆಫೀಸಿನಲ್ಲೇ ಕಂಡುಕೊಳ್ಳಲಿ.

ಏಕೆಂದರೆ ಈಗಿನ ರೋಗ ಬೇರೆ. ಕೋಡ್ ರಿವ್ಯೂ ಪಂಡಿತರಿಗೆ ವಿಭಜನೋನ್ಮಾದ ಹಿಡಿದಿದೆ. ಮೆಥಡ್‌ಗೊಂದು ಇಂಟರ್‌ಫೇಸ್, ಇಂಟರ್‌ಫೇಸಿಗೊಂದು ಫೈಲ್, ಫೈಲಿಗೊಂದು ಫೋಲ್ಡರ್. ಅವುಗಳಲ್ಲಿ ಮುಕ್ಕಾಲಕ್ಕೆ ಒಂದೇ ಕ್ಲಾಸಿನ ಅನುಷ್ಠಾನ. ಎಲ್ಲವನ್ನೂ ಕರೆಯುವುದೂ ಒಂದೇ ಕ್ಲಾಸ್. ಇನ್ನು ಯಾರಿಗಾಗಿ ಒಡೆದದ್ದು? ಮಾರ್ಟಿನ್ ಒಡೆದದ್ದು ಬಳಸುವವರನ್ನು ನೋಡಿ: ಸ್ಟೇಪಲ್ ಕೆಲಸಕ್ಕೆ ಒಂದು, ಪ್ರಿಂಟ್ ಕೆಲಸಕ್ಕೆ ಒಂದು. ಇವರು ಒಡೆಯುವುದು ಮೆಥಡ್‌ಗಳನ್ನು ಎಣಿಸಿ.

ಇದನ್ನು ಅನುಭವಿಸುವವರು ಪಂಡಿತರಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಒಂದು ಸಾಲಿನ ತಪ್ಪು ಹುಡುಕಲು ಹನ್ನೆರಡು ಫೈಲ್ ತೆರೆಯುತ್ತಾಳೆ, ಹದಿಮೂರನೆಯದರಲ್ಲಿ ತಾನೇ ದಡ್ಡಿ ಅಂದುಕೊಳ್ಳುತ್ತಾಳೆ. ಸಂದರ್ಶನದಲ್ಲಿ, ಈ ತತ್ತ್ವವೂ ಸೇರಿದ ಸೂತ್ರಪಂಚಕ ‘ಸಾಲಿಡ್’ನ ಐದೂ ಅಕ್ಷರ ಬಿಡಿಸಿ ಹೇಳಿದವಳು ಅವಳೇ. ಕಾಯುವವರ ಒಂದು ಗಂಟೆ ಉಳಿಸಲು ಹುಟ್ಟಿದ ಸೂತ್ರ ಅವಳ ಇಡೀ ಮಧ್ಯಾಹ್ನ ತಿಂದುಹಾಕಿದೆ. ಅದನ್ನು ಯಾವ ರಿವ್ಯೂ ಕಮೆಂಟೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮುಂದಿನ ಸಲ ‘ಈ ಇಂಟರ್‌ಫೇಸ್ ಒಡೆಯಿರಿ’ ಎಂದು ಅಪ್ಪಣೆ ಕೊಡಿಸುವ ಆಚಾರ್ಯರು ಅದರ ಯಾವ ಮೆಥಡನ್ನು ಯಾವ ಕ್ಲಾಸ್ ಕರೆಯುತ್ತದೆ ಎಂಬ ಪಟ್ಟಿಯನ್ನು ದಯವಿಟ್ಟು ಜೊತೆಗೇ ತರಲಿ.